ಬೋಗುಣಿ ಸಾಗಿಸುವ ಅತ್ತಿಗೆ

ನನ್ನ ಅತ್ತಿಗೆ ಹನ್ನೊಂದು ವರ್ಷ ಟೌನ್ ಬಸ್ಸು ಓಡಿಸಿದಳು. ಅಷ್ಟು ವರ್ಷದಲ್ಲಿ ಒಂದು ಅಪಘಾತವಿಲ್ಲ, ಬಸ್ಸಿನ ಮೈಮೇಲೆ ಒಂದು ಗೀರಿಲ್ಲ, ಯಾರ ಕೈಯಲ್ಲಿದ್ದ ಹಾಲಿನ ಕ್ಯಾನೂ ತುಳುಕಿದ್ದಿಲ್ಲ. ಆದರೂ ಡಿಪೋದಲ್ಲಿ ಅತಿ ಹೆಚ್ಚು ದೂರುಗಳು ಇದ್ದದ್ದು ಅವಳ ಮೇಲೆಯೇ. ಎಲ್ಲ ದೂರಿನಲ್ಲೂ ಒಂದೇ ಮಾತು: ಈ ಬಸ್ಸು ಮುಂದಕ್ಕೆ ಹೋಗುವುದೇ ಇಲ್ಲ.

ಹತ್ತಿದ ಮುದುಕಿ ಸೀಟು ಹುಡುಕಿ, ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ನಿಟ್ಟುಸಿರು ಬಿಡುವವರೆಗೆ ಅತ್ತಿಗೆ ಕ್ಲಚ್ಚಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಅವಳ ಬಸ್ಸಿನಲ್ಲಿ ನಿಂತವರು ತಿರುವು ಬಂದರೂ ಕಂಬಿ ಹಿಡಿಯಬೇಕಾಗಿರಲಿಲ್ಲ. ಒಬ್ಬ ಗುಮಾಸ್ತ ಬರೆದ ದೂರನ್ನು ಡಿಪೋ ಮ್ಯಾನೇಜರ್ ಎಲ್ಲರೆದುರು ಓದಿದ್ದರಂತೆ: “ನಾನು ಮಾರುಕಟ್ಟೆ ಸ್ಟಾಪಿನಲ್ಲಿ ಇಳಿದು, ಚಪ್ಪಲಿ ಹೊಲಿಸಿಕೊಂಡು, ಕಾಲ್ನಡಿಗೆಯಲ್ಲಿ ಹೋಗಿ ಮುಂದಿನ ಸ್ಟಾಪಿನಲ್ಲಿ ಅದೇ ಬಸ್ಸನ್ನು ಹತ್ತಿದ್ದೇನೆ. ಇದಕ್ಕೆ ಯಾರು ಹೊಣೆ?” ಡಿಪೋ ತುಂಬ ನಗು. ಅಂದಿನಿಂದ ಅವಳಿಗೆ ಆಮೆಯಕ್ಕ ಎಂಬ ಹೆಸರು ಅಂಟಿಕೊಂಡಿತು.

ಆ ಹೆಸರು ಅವಳಿಗಿಂತ ಹೆಚ್ಚಾಗಿ ಚುಚ್ಚಿದ್ದು ಅವಳ ಅಪ್ಪನಿಗೆ. ಅವರು ಮೂವತ್ತು ವರ್ಷ ದೂರದ ಊರುಗಳಿಗೆ ಲಾರಿ ಓಡಿಸಿದವರು. ಮೊಣಕೈ ಕಿಟಕಿಗೆ ಆನಿಸಿ, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಿದ್ದ ಆಸಾಮಿ. ನಮ್ಮ ಮನೆಗೆ ಬಂದಾಗಲೆಲ್ಲ ಅದೇ ರಾಗ.

“ನನ್ನ ಮಗಳಾಗಿ ಹುಟ್ಟಿ ಹೀಗಾ? ನೀನು ಬಸ್ಸು ಓಡಿಸ್ತಿಲ್ಲಮ್ಮ, ಬಸ್ಸನ್ನ ಸಮಾಧಾನ ಮಾಡ್ತಿದ್ದೀಯ.”

“ಸಮಾಧಾನವಾಗಿ ಹೋದ್ರೆ ಏನಪ್ಪ ನಷ್ಟ? ಎಲ್ರೂ ಊರು ತಲುಪಿದ್ದಾರೆ ತಾನೇ?”

“ತಲುಪಿದ್ದಾರೆ. ಕೂದಲು ಬೆಳ್ಳಗಾದ ಮೇಲೆ!”

ನಮ್ಮಣ್ಣ ದರ್ಜಿ. ಹೊಲಿಗೆ ಯಂತ್ರದ ಮೇಲೆ ಬಗ್ಗಿಕೊಂಡೇ ನಗುತ್ತಿದ್ದ. ಹೆಂಡತಿಯ ಪರ, ಮಾವನ ಪರ, ಎರಡೂ ಅಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತಾಡಲಾಗುವುದಿಲ್ಲ ಎಂಬ ನೆಪ ಅವನಿಗೆ ಸದಾ ಇರುತ್ತಿತ್ತು.

ನಮ್ಮ ಊರಿನ ಮೇಲುಗಡೆ, ಬೆಟ್ಟಗಳ ನೆತ್ತಿಯಲ್ಲಿ, ಒಂದು ದೊಡ್ಡ ಬಟ್ಟಬಯಲಿದೆ. ಸಮುದ್ರ ಮಟ್ಟದಿಂದ ಐದು ಸಾವಿರ ಮೀಟರ್ ಎತ್ತರ. ಹುಲ್ಲುಕಡ್ಡಿ ಇಲ್ಲ, ಗಾಳಿಯಲ್ಲಿ ತೇವವಿಲ್ಲ, ಹತ್ತು ಹೆಜ್ಜೆ ನಡೆದರೆ ಏದುಸಿರು. ಅಲ್ಲಿ ಆಕಾಶ ನೋಡುವ ಕೇಂದ್ರವೊಂದು ಬಂತು. ಮನೆಯಷ್ಟು ಎತ್ತರದ, ಆಕಾಶಕ್ಕೆ ಬಾಯಿ ತೆರೆದ ಬಿಳಿ ಆಂಟೆನಾಗಳು, ಒಟ್ಟು ನಲವತ್ತು. ನಾವೆಲ್ಲ ಅವನ್ನು ಬೋಗುಣಿ ಎಂದೇ ಕರೆಯುವುದು. ಕೆಳಗಿನ ಶಿಬಿರದ ಕ್ಯಾಂಟೀನಿನಲ್ಲಿ ನನಗೆ ಕೆಲಸ ಸಿಕ್ಕಿತು. ಬೋಗುಣಿಗಳನ್ನು ಆಗಾಗ ಒಂದು ಕಟ್ಟೆಯಿಂದ ಎತ್ತಿ ಇನ್ನೊಂದು ಕಟ್ಟೆಗೆ ಸಾಗಿಸಲು ಡ್ರೈವರ್ ಬೇಕೆಂಬ ಸುದ್ದಿಯನ್ನು ಮನೆಗೆ ತಂದದ್ದೂ ನಾನೇ.

ಪರೀಕ್ಷೆಗೆ ಹದಿನೆಂಟು ಜನ ಬಂದಿದ್ದರು. ಅತ್ತಿಗೆಯೊಬ್ಬಳನ್ನು ಬಿಟ್ಟರೆ ಎಲ್ಲರೂ ಗಣಿಯಲ್ಲಿ, ಬಂದರಿನಲ್ಲಿ ದೈತ್ಯ ಗಾಡಿಗಳನ್ನು ಪಳಗಿಸಿದ ಗಂಡಸರು. ಸಾಗಣೆ ವಿಭಾಗದ ಮುಖ್ಯಸ್ಥರು ಅಳತೆಯ ಹುಚ್ಚಿನವರು. ಚಹಾಕ್ಕೆ ಸಕ್ಕರೆ ಎಷ್ಟು ಅಂದರೂ ಮಿಲಿಮೀಟರಿನಲ್ಲಿ ತೋರಿಸುವ ಜಾತಿ. ನಾವು ಅವರಿಗಿಟ್ಟ ಹೆಸರೇ ಮಿಲಿಮೀಟರ್ ಸಾರ್. ಅವರು ನೆಲದ ಮೇಲೆ ಒಂದು ಗೆರೆ ಎಳೆದು, ಇಪ್ಪತ್ತನಾಲ್ಕು ಚಕ್ರದ ಹಳದಿ ಗಾಡಿಯನ್ನು ಇನ್ನೂರು ಮೀಟರ್ ನಡೆಸಿ ಆ ಗೆರೆಯ ಮೇಲೆ ನಿಲ್ಲಿಸಬೇಕು ಅಂದರು. ಎಷ್ಟು ಹೊತ್ತಿನಲ್ಲಿ ಎಂದು ಅವರು ಹೇಳಲಿಲ್ಲ. ಉಳಿದವರು ಕೇಳಲೂ ಇಲ್ಲ. ಭರ್ರನೆ ಹೋಗಿ, ಗೆರೆಯನ್ನು ದಾಟಿ, ಮತ್ತೆ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ. ಅತ್ತಿಗೆ ಗಾಡಿ ಹತ್ತಿದಾಗ ನಿಂತವರಲ್ಲಿ ಅರ್ಧ ಜನ ಊಟಕ್ಕೆ ಹೋದರು. ಅವರು ಕೈತೊಳೆದು ಬರುವ ಹೊತ್ತಿಗೆ ಗಾಡಿಯ ಮೂತಿ ಗೆರೆಯ ಮೇಲೆ ನಿಂತಿತ್ತು. ಮಿಲಿಮೀಟರ್ ಸಾರ್ ಮಂಡಿಯೂರಿ ಅಳತೆಪಟ್ಟಿ ಹಿಡಿದರು. ಮೂರು ಮಿಲಿಮೀಟರ್ ಆಚೆ.

“ಇಷ್ಟು ನಿಧಾನ ಎಲ್ಲಿ ಕಲಿತ್ರಿ?”

“ಕಲಿತಿದ್ದಲ್ಲ ಸಾರ್. ಇದಕ್ಕೆ ಹನ್ನೊಂದು ವರ್ಷ ಬೈಸ್ಕೊಂಡಿದ್ದೀನಿ.”

“ಇನ್ಮೇಲೆ ಬೈಯೋದಿಲ್ಲ,” ಅಂದರು ಅವರು. “ನಾಳೆಯಿಂದ ಬನ್ನಿ.”

ಮೊದಲ ಮೂರು ವರ್ಷ ಅತ್ತಿಗೆ ಬೋಗುಣಿಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸಿದಳೇ ಹೊರತು ಅದು ಯಾಕೆಂದು ಅವಳಿಗೆ ತಿಳಿದಿರಲಿಲ್ಲ. ಒಂದೊಂದೂ ನೂರು ಟನ್ನು. ಒಳಗೆ ಬಲು ಸೂಕ್ಷ್ಮ ಯಂತ್ರಗಳು, ಹಿಮಕ್ಕಿಂತ ನೂರಾರು ಡಿಗ್ರಿ ತಣ್ಣಗೆ ಇಟ್ಟಂಥವು. ಕುಲುಕಬಾರದು, ವಾಲಬಾರದು, ತಂಪು ಕೆಡಬಾರದು. ಮೇಲೆ ಹೋದವರು ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು, ಮೂಗಿಗೆ ನಳಿಕೆ ಸಿಕ್ಕಿಸಿಕೊಳ್ಳಬೇಕು. ಸಿಲಿಂಡರ್ ಇಟ್ಟುಕೊಂಡು ಸೀಟಿಗೆ ಒರಗಲಾಗುವುದಿಲ್ಲ ಎಂದು ಅತ್ತಿಗೆ ಒಂದು ಸಂಜೆ ಸೊಂಟ ಹಿಡಿದುಕೊಂಡು ಬಂದಳು. ಅಣ್ಣ ಟೇಪು ಹಿಡಿದು ಸಿಲಿಂಡರಿನ ಸುತ್ತಳತೆ ತೆಗೆದುಕೊಂಡ. ಎರಡು ದಿನದಲ್ಲಿ ನಡುವೆ ಗುಳಿಯಿದ್ದ ದಪ್ಪ ದಿಂಬು ತಯಾರು. ಅದನ್ನು ನೋಡಿ ಕೇಂದ್ರದಿಂದ ಇನ್ನೂ ಹತ್ತು ದಿಂಬಿಗೆ ಬೇಡಿಕೆ ಬಂತು. ಅಣ್ಣನ ಅಂಗಡಿ ಬೋರ್ಡಿನ ಮೇಲೆ ‘ರವಿಕೆ, ಪ್ಯಾಂಟು’ ಎಂಬುದರ ಕೆಳಗೆ ‘ಖಗೋಳ ದಿಂಬು’ ಎಂದು ಸೇರಿತು.

ಬೋಗುಣಿ ಯಾಕೆ ಸಾಗಿಸಬೇಕು ಎಂಬ ಪ್ರಶ್ನೆಯನ್ನು ಅವಳು ಕೊನೆಗೂ ಕೇಳಿದ್ದು ಡಾಕ್ಟರಮ್ಮನನ್ನು. ಡಾಕ್ಟರಮ್ಮ ಅಂದರೆ ಅಲ್ಲಿಯ ವಿಜ್ಞಾನಿ. ಔಷಧಿಯ ಡಾಕ್ಟರಲ್ಲ, ಅದು ಗೊತ್ತಿಲ್ಲದ ನಮ್ಮ ಮೆಕ್ಯಾನಿಕ್ ಒಬ್ಬ ಅವರೆದುರು ಮಂಡಿ ತೋರಿಸಿ ನೋವಿಗೆ ಮಾತ್ರೆ ಕೇಳಿದ್ದ. ಅವರು ತಮ್ಮ ಕೈಚೀಲದಿಂದ ಮುಲಾಮು ತೆಗೆದು ಕೊಟ್ಟಿದ್ದರು. ಅಂಥ ಮನುಷ್ಯೆ.

ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೂವರೇ ಇದ್ದೆವು.

“ತಪ್ಪು ತಿಳಿಬೇಡಿ ಡಾಕ್ಟರಮ್ಮ,” ಅಂದಳು ಅತ್ತಿಗೆ. “ಮೂರು ತಿಂಗಳು ಹತ್ತಿರ ಇಡಿ ಅಂತೀರಿ. ಆಮೇಲೆ ದೂರ ಇಡಿ ಅಂತೀರಿ. ಹೊಸ ಮನೆಗೆ ಬಂದವರು ಬೀರು ಸರಿಸ್ತಾ ಇರ್ತಾರಲ್ಲ, ಹಾಗೆ. ಒಂದು ಜಾಗ ಅಂತ ಇಲ್ವಾ ಅವಕ್ಕೆ?”

ಡಾಕ್ಟರಮ್ಮ ನಕ್ಕು ಲ್ಯಾಪ್‌ಟಾಪ್ ತೆರೆದರು. ಪರದೆಯ ಮೇಲೆ ಮಸುಕು ಮಸುಕಾದ ಒಂದು ಕೆಂಬಣ್ಣದ ಉಂಡೆ.

“ಏನಿದು? ಕನ್ನಡಕ ಇಲ್ಲದೆ ನೋಡಿದ ಕಿತ್ತಳೆ ಹಣ್ಣಾ?”

“ಎಳೆ ನಕ್ಷತ್ರ ಅಕ್ಕ. ಹುಟ್ಟಿ ಹತ್ತು ಲಕ್ಷ ವರ್ಷ ಆಗಿದೆ ಅಷ್ಟೆ.”

“ಹತ್ತು ಲಕ್ಷ ವರ್ಷ ಆದ್ರೂ ಎಳೇದಾ!”

“ನಮ್ಮ ಸೂರ್ಯನಿಗೆ ಆಗಲೇ ನಾನೂರೈವತ್ತು ಕೋಟಿ ದಾಟಿದೆ. ನಕ್ಷತ್ರ ಹುಟ್ಟಿದ ಮೇಲೆ ಉಳಿದ ಅನಿಲ, ಧೂಳು ಇರುತ್ತಲ್ಲ, ಅದು ಸುತ್ತ ತಟ್ಟೆ ಹಾಗೆ ಹರಡಿ ತಿರುಗ್ತಾ ಇರುತ್ತೆ. ಆ ಧೂಳೇ ಒಂದಕ್ಕೊಂದು ಅಂಟಿ ಮರಳಾಗಿ, ಕಲ್ಲಾಗಿ, ಬೆಟ್ಟದಷ್ಟಾಗಿ, ಕೊನೆಗೆ ಗ್ರಹ ಆಗೋದು. ನಮ್ಮ ಭೂಮಿ ಆಗಿದ್ದೂ ಹಾಗೇ. ಆದ್ರೆ ನಮ್ಮನೇಲಿ ಅದು ನಡೆಯೋವಾಗ ನೋಡೋಕೆ ಯಾರೂ ಇರ್ಲಿಲ್ಲ. ಅದಕ್ಕೆ ಈಗ ಪಕ್ಕದ ಮನೇಲಿ ನಡೀತಿರೋದನ್ನ ಇಣುಕಿ ನೋಡೋದು.”

“ಇಣುಕಿದ್ರೆ ಇಷ್ಟೇನಾ ಕಂಡಿದ್ದು?”

“ಇಷ್ಟೇ. ಅದಕ್ಕೇ ನೀವು ಬೇಕಾಗಿರೋದು. ನಲವತ್ತು ಬೋಗುಣಿ ಅಂದ್ರೆ ನಲವತ್ತು ಕಣ್ಣಲ್ಲ, ಎಲ್ಲ ಸೇರಿ ಒಂದೇ ಕಣ್ಣು. ಈ ತುದಿಯಿಂದ ಆ ತುದಿಗೆ ಎಷ್ಟು ದೂರ ಇಡ್ತೀರೋ ಕಣ್ಣು ಅಷ್ಟು ಚೂಪಾಗುತ್ತೆ. ಹರಡಿಕೊಂಡಿರೋ ದೊಡ್ಡದು ನೋಡೋಕೆ ಹತ್ತಿರ, ಸಣ್ಣ ಗೆರೆ ನೋಡೋಕೆ ದೂರ.”

ಅತ್ತಿಗೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮೂರು ವರ್ಷದ ಓಡಾಟ ಅವಳ ಮುಖದ ಮೇಲೆ ಒಂದು ಸಲ ಹಾದುಹೋದಂತೆ ನನಗೆ ಕಂಡಿತು. “ಇದನ್ನ ಮೊದಲ ದಿನಾನೇ ಯಾರಾದ್ರೂ ಹೇಳಬಾರದಿತ್ತಾ?” ಅಂದಳು.

ಡಾಕ್ಟರಮ್ಮನಿಗೆ ಆ ವರ್ಷ ಒಂದು ಪಣವಿತ್ತು. ಅಷ್ಟು ಎಳೆಯ ನಕ್ಷತ್ರದ ಸುತ್ತ ಗ್ರಹಗಳು ಮೂಡಲು ಶುರುವಾಗಿರುವುದು ಸಾಧ್ಯವಿಲ್ಲ ಎಂದು ಅವರ ಹಿರಿಯರು ಹೇಳುತ್ತಿದ್ದರು. ಆಗಲೇ ಶುರುವಾಗಿದೆ ಎಂದು ಇವರು. ಹಾಗಿದ್ದರೆ ಆ ಧೂಳಿನ ತಟ್ಟೆಯಲ್ಲಿ ಗೆರೆಗಳಿರಬೇಕು. ಗೆರೆ ಕಾಣಬೇಕಾದರೆ ಬೋಗುಣಿಗಳು ತುತ್ತತುದಿಯ ಕಟ್ಟೆಗಳವರೆಗೂ ಹೋಗಬೇಕು. ಮುಂದಿನ ವಾರದಿಂದ ಆ ನಕ್ಷತ್ರ ಆಕಾಶದಲ್ಲಿ ಸೂರ್ಯನ ತೀರ ಹತ್ತಿರಕ್ಕೆ ಸರಿದಂತೆ ಕಾಣುತ್ತದೆ, ಆಗ ಬೋಗುಣಿಗಳನ್ನು ಆ ಕಡೆ ತಿರುಗಿಸುವಂತಿಲ್ಲ. ಹವಾಮಾನದವರು ಆಚೆ ನಾಡಿದ್ದು ಹಿಮ ಎನ್ನುತ್ತಿದ್ದರು. ನೋಡಲು ಉಳಿದಿದ್ದು ನಾಡಿದ್ದಿನ ಬೆಳಗ್ಗೆ ಒಂದೇ.

“ಬೆಳಗ್ಗೆ ನಕ್ಷತ್ರ ಹೇಗೆ ಕಾಣುತ್ತೆ?” ಎಂದು ನಾನು ಕೇಳಿದ್ದೆ.

“ನಮ್ಮ ಬೋಗುಣಿಗಳಿಗೆ ಹಗಲು ರಾತ್ರಿ ಎರಡೂ ಒಂದೇ,” ಅಂದಿದ್ದರು ಡಾಕ್ಟರಮ್ಮ. “ಅವು ನೋಡೋ ಬೆಳಕೇ ಬೇರೆ.”

ಅತ್ತಿಗೆ ಅಷ್ಟರಲ್ಲಾಗಲೇ ಹನ್ನೊಂದು ದಿನದಲ್ಲಿ ಹತ್ತು ಬೋಗುಣಿಗಳನ್ನು ದೂರದ ಕಟ್ಟೆಗಳಿಗೆ ಮುಟ್ಟಿಸಿದ್ದಳು. ಉಳಿದದ್ದು ಒಂದು. ಅದು ಹೋಗಬೇಕಾದ್ದು ಎಲ್ಲಕ್ಕಿಂತ ದೂರದ ಕಟ್ಟೆಗೆ, ಹದಿನಾಲ್ಕು ಕಿಲೋಮೀಟರ್. ಅದೊಂದು ಕೂರದಿದ್ದರೆ ಕಣ್ಣಿನ ಅಗಲದಲ್ಲಿ ಕಾಲು ಭಾಗ ಖೋತಾ.

ಮರುದಿನ ಸೂರ್ಯ ಹುಟ್ಟುತ್ತಲೇ ಹೊರಟರು. ಮುಂದೆ ಮಿಲಿಮೀಟರ್ ಸಾರ್ ಜೀಪು, ಹಿಂದೆ ಬೋಗುಣಿ ಹೊತ್ತ ಹಳದಿ ಗಾಡಿ. ನಾನು ಊಟದ ಡಬ್ಬಿಗಳ ವ್ಯಾನಿನಲ್ಲಿ ಹಿಂದಿನಿಂದ. ಒಂಬತ್ತು ಕಿಲೋಮೀಟರ್ ಕಳೆದ ಮೇಲೆ, ಎಡಕ್ಕೆ ಇಳಿಜಾರು ಇರುವ ಒಂದು ತಿರುವಿನ ಮುಂದೆ, ಹಳದಿ ಗಾಡಿ ನಿಂತುಬಿಟ್ಟಿತು.

ವ್ಯಾನಿನ ವಾಕಿಟಾಕಿಯಲ್ಲಿ ಮಿಲಿಮೀಟರ್ ಸಾರ್ ದನಿ ಕೇಳಿಸಿತು. “ಯಾಕೆ ನಿಂತ್ರಿ?”

“ರಸ್ತೆ ಸರಿಯಿಲ್ಲ ಸಾರ್.”

“ಈಗಷ್ಟೇ ನಾನು ದಾಟಿದ್ನಲ್ಲ! ಒಂದು ಬಿರುಕೂ ಇಲ್ಲ.”

“ನಿಮ್ಮ ಜೀಪು ಎರಡು ಟನ್ನು. ನನ್ನದು ಇನ್ನೂರ ಮೂವತ್ತು. ಮುಂದಿನ ಚಕ್ರ ಇಟ್ಟ ಕಡೆ ನೆಲ ಉಸಿರು ಬಿಟ್ಟ ಹಾಗಾಯ್ತು. ಟೊಳ್ಳು ರಸ್ತೆ ಕಣ್ಣಿಗಿಂತ ಮೊದಲು ಸ್ಟಿಯರಿಂಗಿಗೆ ಗೊತ್ತಾಗುತ್ತೆ ಅಂತ ನಮ್ಮಪ್ಪ ಹೇಳೋರು.”

ಅವರು ಗೊಣಗುತ್ತಲೇ ಬಂದು ಕಬ್ಬಿಣದ ಸಲಾಕೆಯಿಂದ ರಸ್ತೆಯಂಚನ್ನು ಕುಟ್ಟಿದರು. ಎರಡು ಸಲ ಟಣ್ ಅಂದಿತು. ಮೂರನೆಯ ಏಟಿಗೆ ಸಲಾಕೆ ಮೊಳದುದ್ದ ಒಳಗೆ ಹೋಯಿತು. ಕರಗಿದ ಹಿಮದ ನೀರು ಅಡಿಯಿಂದ ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಮೇಲೆ ಹಪ್ಪಳದಂಥ ಪದರ ಮಾತ್ರ ಉಳಿದಿತ್ತು. ಮಿಲಿಮೀಟರ್ ಸಾರ್ ಆ ತೂತನ್ನು ನೋಡಿದರು, ಬೋಗುಣಿಯನ್ನು ನೋಡಿದರು, ಆಮೇಲೆ ಇಳಿಜಾರನ್ನು ನೋಡಿದರು. ಅಳತೆಪಟ್ಟಿಯನ್ನು ಜೇಬಿನಿಂದ ತೆಗೆಯಲೂ ಇಲ್ಲ.

ರಸ್ತೆ ರಿಪೇರಿಗೆ ಒಂದು ವಾರ ಬೇಕು. “ವಾಪಸ್ ಹೋಗೋಣ,” ಅಂದರು ಅವರು ಕೊನೆಗೆ. “ಡಾಕ್ಟರಮ್ಮನಿಗೆ ನಾನು ಹೇಳ್ತೀನಿ.”

ಅತ್ತಿಗೆ ಗಾಡಿಯಿಂದ ಇಳಿದಳು. ರಸ್ತೆಯ ಬಲಬದಿಗೆ ಕಲ್ಲು ತುಂಬಿದ ಬರಡು ನೆಲ. ಅದರ ಮೇಲೆ ಹೆಜ್ಜೆಯಿಂದ ಹೆಜ್ಜೆಗೆ ಹಿಮ್ಮಡಿ ಒತ್ತಿ ನೋಡುತ್ತ, ನಡುನಡುವೆ ನಿಂತು ಉಸಿರೆಳೆದುಕೊಳ್ಳುತ್ತ, ತಿರುವಿನ ಆಚೆಯವರೆಗೂ ನಡೆದು ಬಂದಳು. ಸುಮಾರು ನಾನೂರು ಮೀಟರ್.

“ಸಾರ್, ನೆಲ ಗಟ್ಟಿ ಇದೆ. ಬಂಡೆ. ಕಲ್ಲು ಮಾತ್ರ ಆರಿಸ್ಬೇಕು. ಆರಿಸಿ ಕೊಟ್ರೆ ರಸ್ತೆ ಬಿಟ್ಟು ಇಳಿಸಿ ಆಚೆ ಹತ್ತಿಸ್ತೀನಿ.”

“ಏಳು ಡಿಗ್ರಿಗಿಂತ ಹೆಚ್ಚು ವಾಲಿದ್ರೆ?”

“ಆರಕ್ಕೇ ಗಾಡಿಯ ಎಚ್ಚರಿಕೆ ಗಂಟೆ ಬಡ್ಕೊಳುತ್ತಲ್ಲ. ಬಡ್ಕೊಂಡ ಕೂಡ್ಲೆ ನಿಲ್ಲಿಸ್ತೀನಿ. ನಾನು ನಿಲ್ಲಿಸೋದ್ರಲ್ಲಿ ಎತ್ತಿದ ಕೈ ಅಂತ ನಿಮಗೆ ಗೊತ್ತಲ್ಲ.”

ಕೆಳಗಿನ ಶಿಬಿರಕ್ಕೆ ಕರೆ ಹೋಯಿತು. ಒಂದು ಗಂಟೆಯೊಳಗೆ ಎರಡು ವ್ಯಾನು ತುಂಬ ಜನ ಬಂದಿಳಿದರು. ಮೆಕ್ಯಾನಿಕ್ಕುಗಳು, ವಿದ್ಯುತ್ತಿನವರು, ಕಂಪ್ಯೂಟರಿನ ಮುಂದೆ ಬಿಟ್ಟು ಬೇರೆಲ್ಲೂ ನಾವು ಕಾಣದ ನಾಲ್ವರು ವಿಜ್ಞಾನಿಗಳು, ಅವರ ಮುಂದೆ ಡಾಕ್ಟರಮ್ಮ. ಎಲ್ಲರ ಮೂಗಿನಲ್ಲೂ ನಳಿಕೆ, ಎಲ್ಲರ ಬೆನ್ನ ಮೇಲೂ ಸಿಲಿಂಡರು. ಸಾಲಾಗಿ ನಿಂತು ಕಲ್ಲು ಆರಿಸಲು ಶುರು ಮಾಡಿದೆವು. ಆ ಎತ್ತರದಲ್ಲಿ ಒಂದು ಕಲ್ಲೆತ್ತಿದರೆ ಮೂರು ಸಲ ಉಸಿರು ಎಳೆದುಕೊಳ್ಳಬೇಕು.

“ಡಾಕ್ಟರಮ್ಮ, ಧೂಳು ಅಂಟಿ ಅಂಟಿ ಕಲ್ಲಾಗುತ್ತೆ ಅಂದ್ರಂತಲ್ಲ,” ಅಂದ ಮಂಡಿನೋವಿನ ಮೆಕ್ಯಾನಿಕ್, “ಇಷ್ಟೊಂದು ಆಗೋ ಅಗತ್ಯ ಏನಿತ್ತು?”

ಎಲ್ಲರೂ ನಕ್ಕರು. ನಕ್ಕಿದ್ದಕ್ಕೂ ಏದುಸಿರು ಬಂತು.

ಎರಡು ಗಂಟೆಯಲ್ಲಿ ದಾರಿ ಹದವಾಯಿತು. ಅತ್ತಿಗೆ ಚಕ್ರಗಳು ಹಾಯಬೇಕಾದ ಕಡೆ ನನ್ನಿಂದ ಹಿಟ್ಟು ಚೆಲ್ಲಿಸಿದಳು. ಕ್ಯಾಂಟೀನಿನ ಮೂರು ಕಿಲೋ ಹಿಟ್ಟು ಅದಕ್ಕೇ ಹೋಯಿತು. ಆಮೇಲೆ ಅವಳು ಗಾಡಿ ಹತ್ತಿದಳು. ಇಪ್ಪತ್ತನಾಲ್ಕು ಚಕ್ರಗಳೂ ಒಂದೊಂದಾಗಿ ರಸ್ತೆಯಿಂದ ಇಳಿದವು. ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದ ಮಿಲಿಮೀಟರ್ ಸಾರ್ ಕೈ ತೋರಿಸುತ್ತಿದ್ದರು: ಎಡ, ಇನ್ನೂ ಎಡ, ಸಾಕು. ವಾಲು ತೋರಿಸುವ ಮೀಟರಿನಲ್ಲಿ ಮೂರು, ನಾಲ್ಕು. ತಿರುವಿನ ನಟ್ಟನಡುವೆ ಆರು. ಬೋಗುಣಿಯ ನೆರಳು ಬಂಡೆಯ ಮೇಲೆ ಉದ್ದಕ್ಕೆ ಚಾಚಿಕೊಂಡಿತು. ಎಚ್ಚರಿಕೆ ಗಂಟೆ ಬಡಿದುಕೊಂಡಿತು. ಗಾಡಿ ಕೂಡಲೇ ನಿಂತಿತು.

ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಬಿಗಿಯಾಗಿ, ಉಂಗುರ ಒತ್ತುವಷ್ಟು.

ಅತ್ತಿಗೆ ಕಿಟಕಿಯಿಂದ ತಲೆ ಹಾಕಿ ಹಿಂದಿನ ಚಕ್ರಗಳನ್ನು ನೋಡಿದಳು. ಎಡಸಾಲಿನ ಚಕ್ರಗಳ ಮೇಲೆ ಗಾಡಿಯ ಮೈಯನ್ನು ಯಂತ್ರದಿಂದ ಒಂದು ಗೇಣು ಎತ್ತಿದಳು. ಮೀಟರು ಐದಕ್ಕೆ ಇಳಿಯಿತು. ಮತ್ತೆ ಹೊರಟಳು. ನಾನೂರು ಮೀಟರಿಗೆ ಒಂದು ಗಂಟೆ ನಲವತ್ತು ನಿಮಿಷ. ಕೊನೆಯ ಚಕ್ರ ಆಚೆ ಬದಿಯ ರಸ್ತೆ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹೊರಗೆ ಇಣುಕಿ ಕೇಳಿದ್ದು ಒಂದೇ: “ಡಬ್ಬಿಯಲ್ಲಿ ಏನಾದ್ರೂ ಉಳಿಸಿದ್ದೀಯಾ, ಎಲ್ಲ ಇವರಿಗೇ ಬಡಿಸಿಬಿಟ್ಟೆಯಾ?”

ಸಂಜೆ ಐದಕ್ಕೆ ಬೋಗುಣಿ ತುದಿಯ ಕಟ್ಟೆಯ ಮೇಲೆ ಕೂತಿತು. ಮಾರನೆಯ ಬೆಳಗ್ಗೆ ನಲವತ್ತೂ ಒಟ್ಟಿಗೆ ಒಂದೇ ಕಡೆ ಮುಖ ತಿರುಗಿಸಿದವು. ಅದರ ಮರುದಿನ ಹಿಮ ಬಿದ್ದು ಬಯಲೆಲ್ಲ ಮುಚ್ಚಿತು.

ಲೆಕ್ಕ ಹಾಕಿ ಚಿತ್ರ ಕೂಡಿಸಲು ಏಳು ವಾರ ಹಿಡಿಯಿತು. ಸಿದ್ಧವಾದ ದಿನ ಕೇಂದ್ರದವರು ಕೆಲಸಗಾರರ ಮನೆಮಂದಿಯನ್ನೆಲ್ಲ ಕೆಳಗಿನ ಶಿಬಿರಕ್ಕೆ ಕರೆದರು. ಅಣ್ಣ ಹೊಸ ಅಂಗಿ ಹಾಕಿಕೊಂಡು ಬಂದ. ಅತ್ತಿಗೆಯ ಅಪ್ಪನೂ ಬಂದರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಮುಖ ಬಿಗಿದುಕೊಂಡು. ಕ್ಯಾಂಟೀನಿನ ಗೋಡೆಯ ಮೇಲೆ ಡಾಕ್ಟರಮ್ಮ ಚಿತ್ರ ಹಾಕಿದರು.

ಕಿತ್ತಳೆ ಹಣ್ಣು ಮಾಯವಾಗಿತ್ತು. ಅದರ ಜಾಗದಲ್ಲಿ ಓರೆಯಾಗಿ ಇಟ್ಟ ಬೆಳಕಿನ ತಟ್ಟೆ. ನಡುವೆ ಹೊಳೆಯುವ ಬಿಂದು. ಅದರ ಸುತ್ತ ಉಂಗುರದೊಳಗೆ ಉಂಗುರ, ಉಂಗುರಗಳ ನಡುವೆ ಕಪ್ಪು ಗೆರೆಗಳು, ಕಂಪಾಸಿನಿಂದ ಎಳೆದ ಹಾಗೆ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು.

ಅತ್ತಿಗೆಯ ಅಪ್ಪ ಗೋಡೆಯ ಹತ್ತಿರ ಹೋದರು. ಬೆರಳು ಚಾಚಿ ಒಂದು ಕಪ್ಪು ಗೆರೆಯನ್ನು ಸುತ್ತ ಸವರಿದರು.

“ಏನಮ್ಮ, ಇದು ಗಾಡಿ ಓಡಾಡಿದ ಜಾಡಲ್ವಾ? ಧೂಳಿನ ರಸ್ತೇಲಿ ಒಂದೇ ಕಡೆ ದಿನಾ ಓಡಾಡಿದ್ರೆ ಹೀಗೇ ಬೀಳುತ್ತೆ. ಗಾಡಿ ಯಾವುದೋ ಕಾಣಲ್ಲ. ಆದ್ರೆ ಹೋಗಿದ್ದಂತೂ ನಿಜ.”

ಡಾಕ್ಟರಮ್ಮ ಅವರನ್ನೇ ನೋಡುತ್ತ ನಿಂತರು. “ಯಜಮಾನ್ರೇ, ಆ ಕಾಣದ ಗಾಡಿ ಗ್ರಹ ಅಂತ ಹೇಳೋಕೆ ನಾನು ನಲವತ್ತು ಪುಟ ಬರೆದಿದ್ದೀನಿ,” ಅಂದರು. “ಇನ್ನೂ ಅನುಮಾನ ಇದೆ ಅನ್ನೋರು ಇದ್ದಾರೆ. ಬೇರೆ ಕಾರಣಕ್ಕೂ ಗೆರೆ ಬೀಳಬಹುದು ಅಂತಾರೆ. ಅವರ ಮಾತನ್ನೂ ತಳ್ಳಿಹಾಕೋ ಹಾಗಿಲ್ಲ, ಇನ್ನೂ ನೋಡ್ಬೇಕು. ಆದ್ರೆ ಇಷ್ಟು ಎಳೆ ನಕ್ಷತ್ರದ ಸುತ್ತ ಇಷ್ಟು ಸ್ಪಷ್ಟವಾದ ಜಾಡನ್ನ ನಾನಂತೂ ಕನಸಲ್ಲೂ ನೋಡಿರ್ಲಿಲ್ಲ. ಹೊರಗಿನ ಈ ಎರಡು ಗೆರೆ ಇವೆಯಲ್ಲ, ಇವು ಬೇರೆ ಬೇರೆಯಾಗಿ ಕಂಡಿದ್ದು ನಿಮ್ಮ ಮಗಳು ಕೊನೇಲಿ ಕೂರಿಸಿದ ಆ ಒಂದು ಬೋಗುಣಿಯಿಂದ.”

ಅಪ್ಪ ಮಗಳ ಕಡೆ ತಿರುಗಿದರು. ಕೋಟಿನ ಗುಂಡಿ ಹಾಕಿಕೊಂಡರು. ಆಮೇಲೆ ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ, ಕೇಳದಿದ್ದರೂ, “ನನ್ನ ಮಗಳು, ನನ್ನ ಮಗಳು” ಎಂದು ಹೇಳುತ್ತ ಇಡೀ ಕ್ಯಾಂಟೀನು ಸುತ್ತಿದರು. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ ಅಣ್ಣನಿಗೆ ಹೇಳಿದಳು, “ಅವರನ್ನ ಕೂರಿಸ್ರೀ, ಬೆಳಗ್ಗೆಯಿಂದ ನಿಂತೇ ಇದ್ದಾರೆ.” ಅಣ್ಣನ ಬಾಯಲ್ಲಿ ಅಂದು ಗುಂಡುಸೂಜಿ ಇರಲಿಲ್ಲ. ಆದರೂ ಅವನು ಮಾತಾಡಲಾರದೆ ತಲೆ ಮಾತ್ರ ಆಡಿಸಿದ.

ಹಿಮ ಕರಗಿದ ಮೇಲೆ ಡಾಕ್ಟರಮ್ಮ ಒಂದು ಹಾಳೆ ಹಿಡಿದುಕೊಂಡು ಬಂದರು. ಅದರಲ್ಲಿ ಇಪ್ಪತ್ತು ಎಳೆ ನಕ್ಷತ್ರಗಳ ಪಟ್ಟಿ. ಒಂದೇ ತಟ್ಟೆ ನೋಡಿದರೆ ಸಾಲದು, ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತದೆಯೇ ಎಂದು ತಿಳಿಯಬೇಕು. ಯಾವುದರಲ್ಲಿ ಗೆರೆ ಇದೆ, ಯಾವುದರಲ್ಲಿ ಇಲ್ಲ, ಯಾವುದರಲ್ಲಿ ಸುರುಳಿ ಇದೆ ಎಂದು ಹೋಲಿಸಬೇಕು. ಅತ್ತಿಗೆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ನಕ್ಷತ್ರಗಳಿಗೆ ಹೆಸರಿರಲಿಲ್ಲ, ಬರೀ ಅಕ್ಷರ, ಅಂಕಿ, ಬಸ್ಸಿನ ನಂಬರ್ ಪ್ಲೇಟಿನ ಹಾಗೆ.

“ಆಗ್ಲಿ ಡಾಕ್ಟರಮ್ಮ, ಎಲ್ಲಕ್ಕೂ ಇಡೋಣ. ಆದ್ರೆ ಮೊದಲು ಮಿಲಿಮೀಟರ್ ಸಾರ್‌ಗೆ ಹೇಳಿ ಒಂದು ರೋಡ್ ರೋಲರ್ ತರಿಸಿ. ಆ ತಿರುವಿನ ರಸ್ತೆ ಆಗದೆ ನಾನು ಗಾಡಿ ತೆಗೆಯಲ್ಲ.”

ರೋಲರ್ ಹನ್ನೆರಡನೆಯ ದಿನ ಬಂತು. ಅದನ್ನು ಮೇಲೆ ಹತ್ತಿಸಲು ಬೇರೆ ಡ್ರೈವರುಗಳು ಹೆದರಿದ್ದರಿಂದ, ಅದನ್ನೂ ಅವಳೇ ಹತ್ತಿಸಿದಳು.